ಸೋಲೋಕೆ ಒಬ್ಬ ಬೇಕು

"ಸೋಲೋಕೆ ಯಾರು ರೆಡಿ ಇದ್ದೀರ? ಕೈ ಎತ್ತಿ" ಎಂದು ಉಪೇಂದ್ರ ಕೇಳಿದ.

ಹೊಂಗೆ ಮರದ ಕೆಳಗೆ ಟಿಫನ್ ಡಬ್ಬಿ ಬಿಚ್ಚಿಕೊಂಡು ಕೂತಿದ್ದ ಐದನೇ ಕ್ಲಾಸಿನ ಹುಡುಗರಲ್ಲಿ ಒಬ್ಬನೂ ಕೈ ಎತ್ತಲಿಲ್ಲ. ಎತ್ತಿದ ಕೈಗಳೆಲ್ಲ ಬಾಯಿಗೇ ಹೋದವು.

"ಸರಿ, ಗೆಲ್ಲೋಕೆ?"

ಈಗ ಎಲ್ಲರ ಕೈಯೂ ಮೇಲೆದ್ದಿತು. ಒಬ್ಬನ ಕೈಯಿಂದ ಚಿತ್ರಾನ್ನ ಪಕ್ಕದವನ ತಲೆಯ ಮೇಲೆ ಉದುರಿತು. ಉಪೇಂದ್ರನ ಪಕ್ಕದ ಮನೆಯ ವೆಂಕಟಲಕ್ಷ್ಮಿ ಬಿದ್ದು ಬಿದ್ದು ನಕ್ಕಳು. "ಎಲ್ಲಾರೂ ಗೆದ್ರೆ ಅದು ಕುಸ್ತಿ ಅಲ್ಲ ಕಣೋ, ಪ್ರೈಜ್ ಡಿಸ್ಟ್ರಿಬ್ಯೂಶನ್" ಎಂದಳು.

ಉಪೇಂದ್ರನಿಗೆ ನಗು ಬರಲಿಲ್ಲ. ಈ ತಲೆನೋವನ್ನು ಅವನೇ ಮೈಮೇಲೆ ಎಳೆದುಕೊಂಡಿದ್ದ. ಶನಿವಾರ ಸಾಯಂಕಾಲ ಕಾರ್ಖಾನೆ ಕಾಲೋನಿಯ ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಇತ್ತು. ಆರ್ಕೆಸ್ಟ್ರಾದವರು ಸಿಟಿಯಿಂದ ವೈಟ್‌ಫೀಲ್ಡಿಗೆ ಬಂದು ಮೈಕು ಜೋಡಿಸುವವರೆಗೆ ಕಾಲು ಗಂಟೆ ಸ್ಟೇಜು ಖಾಲಿ. ಅಷ್ಟು ಹೊತ್ತು ತಾನು ಫ್ರೀಸ್ಟೈಲ್ ಕುಸ್ತಿ ಮಾಡಿಸುತ್ತೇನೆಂದು ಅವನು ಕಮಿಟಿ ಸೆಕ್ರೆಟರಿ ನರಸಿಂಹಯ್ಯನವರ ಬಳಿ ಹೋಗಿ ಒಪ್ಪಿಸಿಬಂದಿದ್ದ. "ಮಾಡು ಮಾಡು. ಆದ್ರೆ ಸ್ಟೇಜ್ ಮುರೀಬೇಡ" ಎಂದಿದ್ದರು ಅವರು, ಟಿವಿಯಿಂದ ಕಣ್ಣು ತೆಗೆಯದೆ.

ಇದೆಲ್ಲ ನಲ್ಲಪ್ಪ ಮಾವನಿಗಾಗಿ. ಉಪೇಂದ್ರನ ಅಮ್ಮನ ತಮ್ಮ ಈ ಮಾವ. ಈಗ ಖಾಕಿ ತೊಟ್ಟು ಕಾರ್ಖಾನೆಯ ಗೇಟು ಕಾಯುತ್ತಿದ್ದರೂ ಒಂದು ಕಾಲಕ್ಕೆ 'ಬ್ಲ್ಯಾಕ್ ಟೈಗರ್' ಎಂದು ಹೆಸರಿಟ್ಟುಕೊಂಡು ಊರೂರಿನ ರಿಂಗಿಗೆ ಇಳಿದಿದ್ದ ಪೈಲ್ವಾನ. ಆಗ ಕುಸ್ತಿ ಎಂದರೆ ವರ್ತೂರಿನಿಂದ ಲಾರಿ ಹತ್ತಿ ಜನ ಸಿಟಿಗೆ ಹೋಗುತ್ತಿದ್ದರಂತೆ. ಸ್ಟೇಡಿಯಂನಲ್ಲಿ ಕೂರಲು ಜಾಗವಿಲ್ಲದೆ ಮರ ಹತ್ತುತ್ತಿದ್ದರಂತೆ. ಗೇಟಿನ ಹತ್ತಿರ ಸ್ಟೂಲಿನ ಮೇಲೆ ಕೂತು ಮಾವ ಇದನ್ನೆಲ್ಲ ಹೇಳುವಾಗ ಕಾಲೋನಿಯ ಹುಡುಗರು ಸುತ್ತ ಮುಕ್ಕುರುತ್ತಿದ್ದರು. "ಎತ್ತಿ ಒಗ್ದೆ ನೋಡು, ಹಗ್ಗ ದಾಟಿ ಆಚೆ ಹೋಗಿ ಬಿದ್ದ" ಎಂದು ಮಾವ ತೊಡೆ ತಟ್ಟಿದರೆ ಅವರ ಮೈ ಜುಮ್ಮೆನ್ನುತ್ತಿತ್ತು.

ಆದರೆ ಹೋದ ವರ್ಷ ನಮ್ಮವರು ಕ್ರಿಕೆಟ್ಟಿನಲ್ಲಿ ವಿಶ್ವಕಪ್ ಗೆದ್ದಿದ್ದೇ ತಡ, ತೆಂಗಿನ ಮಟ್ಟೆಗಳೆಲ್ಲ ಬ್ಯಾಟಾದವು. ನರಸಿಂಹಯ್ಯನವರ ಮನೆಗೆ ಟಿವಿ ಬಂತು. ಸ್ಟೂಲಿನ ಸುತ್ತ ಈಗ ಯಾರೂ ಸೇರುತ್ತಿರಲಿಲ್ಲ. ಮಾವ ಮಾತ್ರ ಆಸೆ ಬಿಟ್ಟಿರಲಿಲ್ಲ. "ಜನಕ್ಕೆ ಒಂದ್ಸಲ ರುಚಿ ತೋರಿಸ್ಬೇಕು ಕಣ್ಲಾ. ಕುಸ್ತಿ ಅದ್ರ ಪಾಡಿಗೆ ಅದು ವಾಪಸ್ ಬತ್ತದೆ" ಎನ್ನುತ್ತಿದ್ದ. ಪೆಂಡಾಲಿನಲ್ಲಿ ಕುಸ್ತಿ ಇದೆ, ನೀನೇ ರೆಫರಿ ಎಂದು ಉಪೇಂದ್ರ ಹೇಳಿದ ದಿನ ಮಾವ ಮೀಸೆಗೆ ಎಣ್ಣೆ ಹಚ್ಚಿಕೊಂಡು ಡ್ಯೂಟಿಗೆ ಹೋದ. ಹೋಗಿ ಬರುವ ಲಾರಿ ಡ್ರೈವರುಗಳಿಗೆಲ್ಲ ಸುದ್ದಿ ಹೇಳಿದ. ಇನ್ನು ಕುಸ್ತಿ ಕೆಟ್ಟರೆ ನಗುವವರು ನಗುವುದು ಮಾವನನ್ನು ನೋಡಿಯೇ.

ನಿಜವಾದ ಕುಸ್ತಿ ಆಗದ ಮಾತು ಎಂದು ಸೋಮವಾರವೇ ಗೊತ್ತಾಗಿತ್ತು. ಆಟದ ಪೀರಿಯಡ್ಡಿನಲ್ಲಿ ಉಪೇಂದ್ರ ಮತ್ತು ಅವನ ಕ್ಲಾಸಿನ ರಾಮಪ್ರಸಾದ ಒಬ್ಬರನ್ನೊಬ್ಬರು ತಬ್ಬಿ ಹಿಡಿದರು. ಹಿಡಿದವರು ಹಿಡಿದಂತೆಯೇ ನಿಂತರು. ಇಬ್ಬರಲ್ಲೂ ಶಕ್ತಿ ಅಷ್ಟಕ್ಕಷ್ಟೆ. ತುಂಬಿದ ಬಸ್ಸಿನಲ್ಲಿ ಸಿಕ್ಕಿಕೊಂಡವರಂತೆ ಒದ್ದಾಡಿ, ಕೊನೆಗೆ ಕತ್ತು ತಿರುಗಿಸಿ ನೋಡಿದರೆ ಪ್ರೇಕ್ಷಕರೆಲ್ಲ ಕ್ರಿಕೆಟ್ ಆಡಲು ಹೋಗಿದ್ದರು. ಹಾಗಾಗಿ ಯಾರು ಹೊಡೆಯಬೇಕು, ಯಾರು ಬೀಳಬೇಕು ಎಂದು ಮೊದಲೇ ಮಾತಾಡಿಕೊಳ್ಳುವುದೆಂದು ತೀರ್ಮಾನವಾಯಿತು. ಹೊಡೆಯುವವನು ತಾನೇ ಎಂಬುದರಲ್ಲಿ ಉಪೇಂದ್ರನಿಗೆ ಅನುಮಾನವಿರಲಿಲ್ಲ. ಬೀಳುವವನೊಬ್ಬ ಸಿಕ್ಕರೆ ಸಾಕಿತ್ತು.

ಮರದ ಕೆಳಗೆ ಗೋಗರೆದೂ ಗೋಗರೆದೂ ಕೊನೆಗೆ ರಾಮಪ್ರಸಾದ ಒಪ್ಪಿದ. ಸುಮ್ಮನೆ ಒಪ್ಪಲಿಲ್ಲ. ಮೊದಲ ಏಟು ತನ್ನದಾಗಬೇಕು, ತನ್ನ ಅಮ್ಮನ ರೇಷ್ಮೆ ಶಾಲನ್ನು ಬೆನ್ನಿಗೆ ಕಟ್ಟಿಕೊಂಡು ಬರುವುದು ತಾನೇ, ಉಪೇಂದ್ರನ ಪಾಲಿನ ಕಡುಬೆಲ್ಲ ತನಗೇ ಸೇರಬೇಕು. ಉಪೇಂದ್ರ ಎಲ್ಲದಕ್ಕೂ ಹೂಂ ಎಂದ. ಚಾಂಪಿಯನ್ ಆಗುವವನು ಕಡುಬಿನ ಮುಖ ನೋಡುತ್ತಾನೆಯೇ?

ಪೋಸ್ಟರನ್ನು ಅವನೇ ಬರೆದ. ಕ್ಯಾಲೆಂಡರಿನ ಹಿಂಬದಿಯ ಮೇಲೆ ಕೆಂಪು ಇಂಕಿನಲ್ಲಿ, 'ಅಪ್ರತಿಮ ವೀರ, ಕರ್ನಾಟಕ ಸಿಂಹ, ಉಪೇಂದ್ರ!' ಎಂದು ಬರೆಯುವಷ್ಟರಲ್ಲಿ ಹಾಳೆಯೇ ಮುಗಿದುಹೋಯಿತು. ತಳದಲ್ಲಿ ಇರುವೆ ಸಾಲಿನಷ್ಟು ಜಾಗ ಉಳಿದಿತ್ತು. ಅಲ್ಲಿ 'ಮತ್ತು ಎದುರಾಳಿ' ಎಂದು ಸೇರಿಸಿದ. ಸಿಂಹದ ಚಿತ್ರವನ್ನೂ ಬಿಡಿಸಿದ. "ಈ ಮೇಕೆ ಯಾಕೋ?" ಎಂದು ವೆಂಕಟಲಕ್ಷ್ಮಿ ಕೇಳಿದಳು.

ಶನಿವಾರ ಬಂದೇ ಬಂತು. ಸ್ಟೇಜಿನ ಮೇಲೆ ನಾಲ್ಕು ಗಳ ನಿಲ್ಲಿಸಿ, ಬಾವಿ ಹಗ್ಗ ಸುತ್ತಿ ರಿಂಗ್ ಮಾಡಿದ್ದರು. ನಡುವೆ ಎರಡು ಮನೆಯ ಹಾಸಿಗೆಗಳು. ನಲ್ಲಪ್ಪ ಮಾವ ಬಿಳಿ ಪ್ಯಾಂಟು, ಬಿಳಿ ಶರಟು ಹಾಕಿಕೊಂಡು ಕೊರಳಿಗೆ ಸೀಟಿ ತೂಗುಬಿಟ್ಟು ಎದೆಯುಬ್ಬಿಸಿ ನಿಂತಿದ್ದ. ಮೈಕಿನ ಮುಂದೆ ವೆಂಕಟಲಕ್ಷ್ಮಿ. ಅಪ್ಪನ ಮಂಕಿ ಕ್ಯಾಪಿನಲ್ಲಿ ಕಣ್ಣಿಗೆ ತೂತು ಮಾಡಿ ಮುಖವಾಡದಂತೆ ಹಾಕಿಕೊಂಡ ಉಪೇಂದ್ರ, ಸಿಂಹದಂತೆ ಗರ್ಜಿಸುತ್ತ ಓಡಿಬಂದ. ತೂತುಗಳು ಹಣೆಗೆ ಸರಿದಿದ್ದವು. ಕಣ್ಣು ಕಾಣದೆ ನೆಟ್ಟಗೆ ಗಳಕ್ಕೆ ಡಿಕ್ಕಿ ಹೊಡೆದ. ಆವತ್ತಿನ ಮೊದಲ ಚಪ್ಪಾಳೆ ಬಿದ್ದದ್ದು ಅದಕ್ಕೇ.

ಕ್ಯಾಪು ಸರಿಮಾಡಿಕೊಂಡು ನೋಡುತ್ತಾನೆ, ಮುಂದಿನ ಸಾಲಿನಲ್ಲಿ ರಾಮಪ್ರಸಾದನ ಅಜ್ಜಿ ಕೂತಿದ್ದಾರೆ. ಮಧ್ಯಾಹ್ನವಷ್ಟೇ ಮುಳಬಾಗಿಲಿನಿಂದ ಬಸ್ಸಿಳಿದಿದ್ದರು. ಮೊಮ್ಮಗ ಕುಸ್ತಿ ಮಾಡುತ್ತಾನೆಂದು ಕೇಳಿ, ಪೋಸ್ಟರಿನ ಮುಂದೆ ಕನ್ನಡಕ ಹಾಕಿಕೊಂಡು ನಿಂತು ಅವನ ಹೆಸರಿಗಾಗಿ ಮೇಲಿನಿಂದ ಕೆಳಗಿನವರೆಗೂ ಹುಡುಕಿದ್ದರಂತೆ. "ನಿನ್ನ ಹೆಸರು ಎಲ್ಲೋ ಪ್ರಸಾದೂ?" ಎಂದು ಮೊಮ್ಮಗನನ್ನೇ ಕೇಳಿದ್ದರಂತೆ. ಇದನ್ನು ವೆಂಕಟಲಕ್ಷ್ಮಿ ಉಪೇಂದ್ರನ ಕಿವಿಯಲ್ಲಿ ಹೇಳುವಷ್ಟರಲ್ಲಿ ಮಾವ ಸೀಟಿ ಊದಿಬಿಟ್ಟ.

ಮೊದಲು ಎಲ್ಲ ಅಂದುಕೊಂಡಂತೆಯೇ ನಡೆಯಿತು. ಶಾಲು ಹಾರಿಸಿಕೊಂಡು ಬಂದ ರಾಮಪ್ರಸಾದ ಒಂದು ಏಟು ಕೊಟ್ಟ. ಉಪೇಂದ್ರ ಒಂದು ಸುತ್ತು ತೂರಾಡಿ ನಿಂತ. ಇನ್ನು ಸಿಂಹದ ಸರದಿ. ಅವನು ರಾಮಪ್ರಸಾದನ ಸೊಂಟ ಹಿಡಿದು, "ಹ್ಹಾ!" ಎಂದು ತಿರುಗಿಸಿದ. ರಾಮಪ್ರಸಾದ ನೆಟ್ಟ ಕಂಬದಂತೆ ನಿಂತೇ ಇದ್ದ. ಉಪೇಂದ್ರ ಇನ್ನೊಮ್ಮೆ ತಿರುಗಿಸಿದ. ಕಂಬ ಅಲುಗಲಿಲ್ಲ.

"ಬೀಳೋ" ಎಂದು ಉಪೇಂದ್ರ ಕ್ಯಾಪಿನೊಳಗಿಂದ ಪಿಸುಗುಟ್ಟಿದ.

"ಆಗಲ್ಲ ಕಣೋ. ಅಜ್ಜಿ ನೋಡ್ತಿದ್ದಾರೆ" ಎಂದ ರಾಮಪ್ರಸಾದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಕಡುಬು ಕೊಡ್ತೀನಿ ಅಂದಿದ್ದೀನಲ್ಲೋ."

"ನೀನೇ ತಿನ್ಕೋ."

ಮತ್ತೆ ಅದೇ ಬಸ್ಸಿನ ಕುಸ್ತಿ ಶುರುವಾಯಿತು. ತಬ್ಬಿ ಹಿಡಿದವರು ಬಿಡಲೂ ಆಗದೆ, ಬೀಳಿಸಲೂ ಆಗದೆ ನಿಂತರು. ಹಿಂದಿನ ಸಾಲಿನವರು ಆಕಳಿಸಿದರು. ಆರ್ಕೆಸ್ಟ್ರಾ ಯಾವಾಗ ಎಂದು ಯಾರೋ ಕೇಳಿದರು. ಸ್ಟೇಜಿನ ಪಕ್ಕದಲ್ಲಿ ಆರ್ಕೆಸ್ಟ್ರಾದವನು ಮೈಕಿಗೆ ಫೂ ಫೂ ಎಂದು ಊದತೊಡಗಿದ. ಕೆಲವರು ಎದ್ದು ಪಂಚೆ ಕೊಡವಿಕೊಂಡು ಟೀ ಅಂಗಡಿಯ ಕಡೆ ಹೊರಟರು.

ಉಪೇಂದ್ರ ಮಾವನ ಮುಖ ನೋಡಿದ. ಉಬ್ಬಿದ್ದ ಎದೆ ಇಳಿದಿತ್ತು. ಮಾವ ಎದ್ದುಹೋಗುವ ಜನರನ್ನೇ ನೋಡುತ್ತಿದ್ದ. ಬೈದಿದ್ದರೂ ಉಪೇಂದ್ರನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಯಾರಾದರೂ ಒಬ್ಬರು ಬೀಳಲೇಬೇಕಿತ್ತು. ರಾಮಪ್ರಸಾದ ಬೀಳುವುದಿಲ್ಲ. ರೆಫರಿ ಬೀಳುವಂತಿಲ್ಲ. ಉಪೇಂದ್ರ ಲೆಕ್ಕ ಹಾಕಿ ನೋಡಿದ. ಉಳಿದದ್ದು ಕರ್ನಾಟಕ ಸಿಂಹ ಒಂದೇ.

ಅವನು ರಾಮಪ್ರಸಾದನ ಕೈಯನ್ನು ತಾನೇ ಎಳೆದು ತನ್ನ ಕುತ್ತಿಗೆಗೆ ಹಾಕಿಕೊಂಡ. "ಅಯ್ಯಯ್ಯಪ್ಪಾ, ಸತ್ತೆ!" ಎಂದು ಪೆಂಡಾಲು ನಡುಗುವಂತೆ ಅರಚಿ, ಗಾಳಿಗೆ ಹಾರಿದ. ಅಂದಾಜು ತಪ್ಪಿತು. ಅರ್ಧ ಮೈ ಹಾಸಿಗೆಯ ಮೇಲೆ, ಅರ್ಧ ಹಲಗೆಯ ಮೇಲೆ ಧೊಪ್ಪೆಂದು ಬಿತ್ತು.

ಇಡೀ ಪೆಂಡಾಲು ಹೋ ಎಂದಿತು. ಟೀ ಅಂಗಡಿಗೆ ಹೊರಟಿದ್ದವರು ಓಡಿಬಂದರು. ಉಪೇಂದ್ರ ತೂರಾಡುತ್ತ ಎದ್ದ. ರಾಮಪ್ರಸಾದ ಬರೀ ಬೆರಳಿನಿಂದ ಮುಟ್ಟಿದ. ಉಪೇಂದ್ರ ಮತ್ತೆ ಹಾರಿ ಬಿದ್ದ. ಈ ಸಲ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡು ತಲೆಕೆಳಗಾಗಿ ನೇತಾಡಿದ. ಹುಡುಗರು ಸೀಟಿ ಹೊಡೆದರು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅವನು ಸೋತಷ್ಟೂ ಗದ್ದಲ ಜೋರಾಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಈ ಜಟ್ಟಿಗೆ ಮೀಸೆಯೇ ಇರಲಿಲ್ಲ, ಮಣ್ಣಾಗಿದ್ದು ಅಪ್ಪನ ಮಂಕಿ ಕ್ಯಾಪು.

ಮಾವ ಮಂಡಿಯೂರಿ ಹಾಸಿಗೆ ಗುದ್ದುತ್ತ ಒಂದು, ಎರಡು, ಮೂರು ಎಂದು ಎಣಿಸಿದ. ಜನರೂ ಜೊತೆಗೆ ಎಣಿಸಿದರು. ರಾಮಪ್ರಸಾದನ ಕೈಯನ್ನು ಮಾವ ಮೇಲಕ್ಕೆತ್ತಿದಾಗ ಅಜ್ಜಿ ಸ್ಟೇಜಿನ ಹತ್ತಿರಕ್ಕೇ ಬಂದು ಮೊಮ್ಮಗನಿಗೆ ನೆಟಿಗೆ ಮುರಿದು ದೃಷ್ಟಿ ತೆಗೆದರು. ಮುಂದಿನ ವರ್ಷ ಪ್ರಸಾದುವಿನ ಕುಸ್ತಿಗೆ ಅರ್ಧ ಗಂಟೆ ಕೊಡುತ್ತೇವೆಂದು ನರಸಿಂಹಯ್ಯನವರು ಮೈಕಿನಲ್ಲಿ ಹೇಳಿದರು.

ಕರ್ನಾಟಕ ಸಿಂಹ ಹಗ್ಗದ ಕೆಳಗಿಂದ ತೆವಳಿ ಇಳಿದುಬಂದದ್ದನ್ನು ಯಾರೂ ನೋಡಲಿಲ್ಲ. "ಪಾಪ, ಏಟು ತಿಂದ ಆ ಹುಡುಗ ಯಾರ ಮನೇದು?" ಎಂದು ಒಬ್ಬರು ಕೇಳಿದರು. ಪಕ್ಕದವರು ಗೊತ್ತಿಲ್ಲವೆಂದರು. ಅವನಿಗೆ ನಿಜವಾಗಿಯೂ ಅಳು ಬಂತು. ಕಣ್ಣೀರು ಕಾಣದಂತೆ ಕ್ಯಾಪನ್ನು ಕೆಳಗೆಳೆದುಕೊಂಡ. ಅಷ್ಟರಲ್ಲಿ ಡ್ರಮ್ಮು ಮೊಳಗಿತು, ಹಾಡು ಶುರುವಾಯಿತು, ಜನ ಕುಸ್ತಿಯನ್ನು ಮರೆತೇಬಿಟ್ಟರು. ಕುಸ್ತಿ ವಾಪಸು ಬಂದದ್ದು ನಿಜ, ಕಾಲು ಗಂಟೆ ಇದ್ದು ಹೋಯಿತು.

ಭಾನುವಾರ ಬೆಳಿಗ್ಗೆ ಉಪೇಂದ್ರ ಹಾಸಿಗೆಯಿಂದ ಏಳಲಾರದೆ ಅ ಆ ಇ ಈ ಎಂದು ನರಳಿದ. ಇವತ್ತು ಮಾವನ ಮನೆಗೆ ಹೋಗಿ ಬಿದ್ದುಕೋ, ಇಂಥ ವಿದ್ಯೆ ಕಲಿಸಿದವನು ಅವನೇ ತಾನೆ ಎಂದು ಅಮ್ಮ ಗೊಣಗಿ ಹಿಂದಿನ ಬೀದಿಗೆ ಕಳಿಸಿದಳು. ಸೊಟ್ಟಗೆ ನಡೆದು ಬಂದ ಅಳಿಯನನ್ನು ಕಂಡು ಮಾವ ಅನುಸೂಯಮ್ಮ ಅತ್ತೆಯ ಕೈಯಲ್ಲಿ ಹರಳೆಣ್ಣೆ ಬಿಸಿ ಮಾಡಿಸಿದ. ಚಾಪೆ ಹಾಸಿ, ಬೋರಲು ಮಲಗು ಎಂದ.

ಎಲ್ಲಿ ನೋವು ಎಂದು ಕೇಳುತ್ತಾನೆಂದು ಉಪೇಂದ್ರ ಕಾದ. ಮಾವ ಕೇಳಲಿಲ್ಲ. ಎಣ್ಣೆ ಹಚ್ಚಿದ ಅವನ ಹೆಬ್ಬೆರಳು ಎಲ್ಲೂ ತಡಕಾಡದೆ ಎಡ ಹೆಗಲಿನ ಮೂಳೆಯ ಕೆಳಗೆ, ಜೀವ ಹೋಗುತ್ತಿದ್ದ ಜಾಗಕ್ಕೇ ಹೋಗಿ ಕೂತಿತು.

"ನಾಳೆ ಇನ್ನೂ ಜಾಸ್ತಿ ಆಯ್ತದೆ" ಎಂದ ಮಾವ, ನಿಧಾನವಾಗಿ ತೀಡುತ್ತ. "ಕೆಮ್ಮಿದ್ರೂ ಚುಚ್ತದೆ. ಎಡಕ್ಕೆ ಮಲಗ್ಬೇಡ. ನಾಕು ದಿನ ಆದ್ಮೇಲೆ ತಂತಾನೇ ಓಯ್ತದೆ."

ಉಪೇಂದ್ರ ಚಾಪೆಗೆ ಕೆನ್ನೆ ಒತ್ತಿಕೊಂಡು ಯೋಚಿಸಿದ. ಮಾವನ ಕತೆಗಳಲ್ಲಿ ಬಿದ್ದವರೆಲ್ಲ ಬೇರೆಯವರು. ಹಗ್ಗ ದಾಟಿ ಹೋದವರು, ಏಳಲಾರದೆ ಮಲಗಿದವರು, ಎಲ್ಲರೂ ಬೇರೆಯವರೇ. ಹಾಗಾದರೆ ನಾಳೆ ಕೆಮ್ಮಿದರೆ ಚುಚ್ಚುತ್ತದೆಂದು ಮಾವನಿಗೆ ಹೇಗೆ ಗೊತ್ತು?

ಕೇಳಬೇಕೆಂದು ಬಾಯಿ ತೆರೆದ. ಬೆನ್ನ ಮೇಲೆ ಮಾವನ ಕೈ ಬೆಚ್ಚಗಿತ್ತು. ಅವನಿಗೆ ಯಾಕೋ ಆ ಪ್ರಶ್ನೆ ಬೇಡವೆನಿಸಿತು. ಬೇರೆಯದನ್ನು ಕೇಳಿದ.

"ಮಾವ, ಪೆಟ್ಟಾಗದಂಗೆ ಬೀಳೋದು ಹೇಗೆ?"

ತೀಡುತ್ತಿದ್ದ ಕೈ ನಿಂತಿತು. ಮಾವ ಕೈಯ ಎಣ್ಣೆಯನ್ನು ಲುಂಗಿಗೆ ಒರೆಸಿಕೊಂಡು ಎದ್ದ. ಕುರ್ಚಿಯನ್ನು ಗೋಡೆಗೆ ಸರಿಸಿದ. ಲುಂಗಿಯನ್ನು ಎತ್ತಿ ಕಟ್ಟಿ, ನಡುಮನೆಯಲ್ಲಿ ಕಾಲಗಲಿಸಿ ನಿಂತ.

"ಗದ್ದ ಎದೆಗೆ ಒತ್ಕಬೇಕು. ಉಸಿರು ಬುಟ್ಬುಡ್ಬೇಕು. ಕೈ ಇಂಗೆ. ನೋಡ್ಕೊ."

ಕಾಣದ ಯಾವನೋ ಪೈಲ್ವಾನ ಎತ್ತಿ ಒಗೆದಂತೆ ಆ ದೊಡ್ಡ ಮೈ ಹಿಂದಕ್ಕೆ ಹಾರಿ ನೆಲಕ್ಕೆ ಬಿತ್ತು. ಅಡುಗೆಮನೆಯ ಪಾತ್ರೆಗಳು ಗಲಗಲ ಎಂದವು. ಅನುಸೂಯಮ್ಮ ಅತ್ತೆ ಸೌಟು ಹಿಡಿದು ಓಡಿಬಂದು, ಗಂಡನನ್ನು ನೋಡಿ ಹಣೆ ಚಚ್ಚಿಕೊಂಡಳು.

ಮಾವ ಕೈಕಾಲು ಚೆಲ್ಲಿ, ಕಣ್ಣು ಮುಚ್ಚಿ ಸೋತವನಂತೆ ಮಲಗಿದ್ದ. ಅಷ್ಟು ಚೆನ್ನಾಗಿ ಬಿದ್ದವರನ್ನು ಉಪೇಂದ್ರ ಎಂದೂ ಕಂಡಿರಲಿಲ್ಲ. ಅವನು ಬೆನ್ನುನೋವನ್ನೂ ಮರೆತು ಎದ್ದು ಕೂತು, ಎರಡೂ ಕೈ ಉರಿಯುವವರೆಗೆ ಚಪ್ಪಾಳೆ ತಟ್ಟಿದ.

ಮಾವ ಒಂದು ಕಣ್ಣು ತೆರೆದು ಅವನ ಕಡೆ ನೋಡಿದ.

"ಇನ್ನೊಂದ್ಸಲ ಬೀಳ್ಲೇನ್ಲಾ?"