ಬಾರಾ ಬಂದೂಕು

ಎಣ್ಣೆ ವ್ಯಾಪಾರಿ ಈರಬಸಪ್ಪ ಮರಾಠಿ ನಾಡಿನ ನಿಗಡಿಯ ತನ್ನ ಮನೆಯ ಪಡಸಾಲೆಯಲ್ಲೇ ಹೆಣವಾಗಿ ಬಿದ್ದಿದ್ದ. ಎದೆಗೆ ಬಂದೂಕಿನ ಛರ್ರೆಗುಂಡು ಹೊಡೆದಿತ್ತು. ೧೯೯೮ರ ಜನವರಿ, ಭಾನುವಾರ, ಮಧ್ಯಾಹ್ನ ಒಂದು ಗಂಟೆ.

ಫೌಜದಾರ ಅವ್ವಣ್ಣನ ತಲೆ ಕೆಟ್ಟದ್ದು ಹೆಣ ನೋಡಿ ಅಲ್ಲ, ಕಪಾಟು ನೋಡಿ. ಅದರಲ್ಲಿ ಎರಡು ಬಂದೂಕು, ಎರಡೂ ಫಳಫಳ. ಈರಬಸಪ್ಪನ ಅಕ್ಕ ಕಾಶವ್ವ ಸದ್ದು ಕೇಳಿ ಓಡಿಬಂದವಳು, ನೆಲದ ಮೇಲಿದ್ದ ಬಂದೂಕನ್ನು ಒರೆಸಿ ಒಳಗಿಟ್ಟಿದ್ದಳು. ಜೊತೆಗೆ ಇನ್ನೊಂದನ್ನೂ ಒರೆಸಿದ್ದಳು. ಆಯುಧ ನೆಲಕ್ಕೆ ಬೀಳಬಾರದಂತೆ! ಬೆರಳ ಗುರುತೆಲ್ಲ ಮಂಗಮಾಯ.

ಒಂದು ಬಂದೂಕು ಮಗ ರೋಹಿತನದು, ಹನ್ನೆರಡು ಬೋರ್. ಇನ್ನೊಂದು ಸತ್ತವನ ಗೆಳೆಯ, ಹೋಟೆಲಿನ ಲೋಕನಾಥನದು, ಇಪ್ಪತ್ತು ಬೋರ್. ಮೂವರೂ ಬೆಳಿಗ್ಗೆ ಶೂಟಿಂಗ್ ಕ್ಲಬ್ಬಿಗೆ ಹೋಗಿ ಊಟಕ್ಕೆ ಬಂದಿದ್ದರು. ಹಾಗಾಗಿ ಎರಡೂ ನಳಿಗೆಯಲ್ಲಿ ಮದ್ದಿನ ವಾಸನೆ. ಲ್ಯಾಬ್ ವರದಿಗೆ ಹದಿನೈದು ದಿನ ಬೇಕು. ಕಾಶವ್ವನ ಕಣ್ಣಿಗೋ ಪೊರೆ ಬಂದಿದೆ.

ಹವಾಲ್ದಾರ ಶ್ಯಾಮ ಅವಳ ಹೇಳಿಕೆ ಬರೆದುಕೊಂಡ. ಅವನಿಗೆ ಕನ್ನಡ ಬಾರದು, ಅವಳ ಮರಾಠಿ ಅರೆಬರೆ. ಬಿದ್ದಿದ್ದ ಬಂದೂಕು ಯಾವುದೆಂದು ಕೇಳಿದಾಗ ಅಳುತ್ತಲೇ ಅಂದಳು: "ಬಾರಾ."

ಮರಾಠಿಯಲ್ಲಿ ಬಾರಾ ಎಂದರೆ ಹನ್ನೆರಡು. ಸಂಜೆಯೊಳಗೆ ರೋಹಿತ ಲಾಕಪ್ ಸೇರಿದ.

*

ಮೂರನೆಯ ದಿನ ಕಾಶವ್ವ ಊಟದ ಡಬ್ಬಿ ಹಿಡಿದು ಠಾಣೆಗೆ ಬಂದಳು.

"ತಾಯಿಲ್ಲದ ಹುಡುಗರಿ ಸಾಹೇಬ್ರ, ನಾನ ಸಾಕೇನಿ. ಅವನ್ನ್ಯಾಕ ಹಿಡದೀರಿ?"

"ನೀವ ಹೇಳೀರಲ್ಲವಾ!"

"ನಾನು? ಅವನ ಹೆಸರರೆ ತಗದೇನೇನು?"

ಅವ್ವಣ್ಣ ಡಬ್ಬಿಗೆ ಕೈ ಚಾಚಿದ.

"ಎರಡೂ ಕೈಲೆ ಹಿಡೀರಿ. ಬಾರಾ ಅದ."

"ಏನಂದ್ರಿ?"

"ಬಾರಾ ಅದ ಅಂದೆ. ಎರಡು ಹೊತ್ತಿನ ಅಡಗಿ ಅದರಿ ಅದರಾಗ."

ಭಾರ! ಮುದುಕಿಯ ನಾಲಿಗೆಗೆ ಭಕಾರ ಹೊರಳುತ್ತಿರಲಿಲ್ಲ. ಅವಳು ಹೇಳಿದ್ದು ಸಂಖ್ಯೆಯಲ್ಲ, ತೂಕ.

ಈ ಖುಷಿ ಎರಡು ನಿಮಿಷವೂ ಉಳಿಯಲಿಲ್ಲ. ಬೋರಿನ ಸಂಖ್ಯೆ ಇಳಿದಷ್ಟೂ ನಳಿಗೆ ಅಗಲ, ಬಂದೂಕು ಭಾರ. ಹನ್ನೆರಡು ಭಾರ, ಇಪ್ಪತ್ತು ಹಗುರ ಎಂದು ತರಬೇತಿಯಲ್ಲೇ ಕಲಿಸಿದ್ದರು. ಹಾಗಾದರೆ ಮತ್ತೆ ರೋಹಿತನೇ! ಅವ್ವಣ್ಣ ತಲೆ ತುರಿಸಿಕೊಂಡ. ಆದರೂ ಮನಸ್ಸು ತಡೆಯದೆ ಎರಡೂ ಬಂದೂಕನ್ನು ಅವಳ ಕೈಗೆ ಒಂದೊಂದಾಗಿ ಕೊಟ್ಟ.

"ಕೆಳಗ ಬಿದ್ದಿದ್ದು ಇದ ನೋಡ್ರಿ," ಎಂದಳು.

ಇಪ್ಪತ್ತು ಬೋರ್!

ಎದುರಿನ ರದ್ದಿ ಅಂಗಡಿಯ ತಕ್ಕಡಿ ತರಿಸಿದ. ಹನ್ನೆರಡು ಬೋರ್ ಎರಡು ಕಿಲೋ ಎಂಟು ನೂರು. ಇಪ್ಪತ್ತು ಬೋರ್ ಮೂರು ಕಿಲೋ ಮುನ್ನೂರು. ಇದೇನು ಉಲ್ಟಾ?

ಸರಳಿನ ಹಿಂದಿನಿಂದ ರೋಹಿತ ಹೇಳಿದ: "ನನ್ನ ಹೆಗಲಿಗೆ ಪೆಟ್ಟಾಗಿತ್ತರಿ. ಎತ್ತಾಕ ಹಗುರಿರ್ಲಿ ಅಂತ ಅಲ್ಯುಮಿನಿಯಂ ಬಾಡಿದು ತರಿಸೇನಿ. ಲೋಕನಾಥ ಅಂಕಲ್‌ದು ಪೂರಾ ಉಕ್ಕು, ನಳಿಗೀನೂ ಉದ್ದ."

*

"ನಾನು ಕಾರಿನ ಹತ್ತಿರ ಇದ್ದೆ ಮಾರಾಯ್ರೇ," ಎಂದ ಲೋಕನಾಥ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು.

"ಇಪ್ಪತ್ತು ಬೋರಿನ ಗುಂಡು, ತೋಟಾ, ಯಾರ ಕಡೆ ಇದ್ದುವು?" ಅವ್ವಣ್ಣ ಕೇಳಿದ.

"ನನ್ನ ಜೇಬಲ್ಲೇ. ಒಂದನ್ನೂ ಯಾರಿಗೂ ಕೊಟ್ಟಿಲ್ಲ." ಪೊಲೀಸರು ಇನ್ನೂ ಹನ್ನೆರಡರ ಗುಂಗಿನಲ್ಲೇ ಇದ್ದಾರೆ ಎಂದುಕೊಂಡವನು ಧೈರ್ಯವಾಗಿಯೇ ಹೇಳಿದ.

"ಹೊಡದದ್ದು ಇಪ್ಪತ್ತರಿ. ಹನ್ನೆರಡರ ತೋಟಾ ಅದರಾಗ ಹೋಗಂಗಿಲ್ಲ. ರೋಹಿತ ಹೊಡೀಬೇಕಂದ್ರ ನಿಮ್ಮ ಜೇಬಿಗೆ ಕೈ ಹಾಕಬೇಕಿತ್ತು. ಹಾಕಿದ್ನೇನು?"

ಲೋಕನಾಥ ಎಲ್ಲ ಬಾಯಿಬಿಟ್ಟ. ಅವನು ಕಾರ್ಖಾನೆಯೊಂದಕ್ಕೆ ಕಳಿಸುತ್ತಿದ್ದ ಊಟ ತಿಂದು ಇಬ್ಬರು ಸತ್ತಿದ್ದರು. ಅವನು ಎಣ್ಣೆಗೆ ಕಲಬೆರಕೆ ಮಾಡಿದ್ದನ್ನು ಈರಬಸಪ್ಪ ಕಣ್ಣಾರೆ ಕಂಡಿದ್ದ. ಕೊಲೆಯ ಮರುದಿನ, ಸೋಮವಾರ, ಕೋರ್ಟಿನಲ್ಲಿ ಸಾಕ್ಷಿ ಹೇಳುವವನಿದ್ದ.

"ಹೇಳಬೇಡ ಅಂತ ಕಾಲು ಹಿಡಿದೆ. ಕೇಳಲಿಲ್ಲ," ಎಂದು ಕುಸಿದ.

*

ಬಿಡುಗಡೆಯಾದ ರೋಹಿತ ಠಾಣೆಯ ಮೆಟ್ಟಿಲಲ್ಲೇ ಅತ್ತೆಯ ಕೈ ಹಿಡಿದುಕೊಂಡ.

"ಅತ್ತಿ, ಅಪ್ಪಗ ಮಣ್ಣು ಯಾರು ಕೊಟ್ರು?"

ಮಗ ಲಾಕಪ್ಪಿನಲ್ಲಿದ್ದಾಗ, ಅವನು ಗೋರಿಗೆ ಹಾಕಬೇಕಾದ ಮೊದಲ ಹಿಡಿ ಮಣ್ಣು ಹಾಕಿದವನು ಲೋಕನಾಥ. ಬಿಕ್ಕಿಬಿಕ್ಕಿ ಅತ್ತಿದ್ದ. ಬಂದೋಬಸ್ತಿಗೆ ಹೋಗಿದ್ದ ಅವ್ವಣ್ಣ ಅದನ್ನು ಎದುರಿಗೇ ನಿಂತು ನೋಡಿದ್ದ.

"ನಾನ ಕೊಟ್ಟೇನಪಾ," ಎಂದಳು ಕಾಶವ್ವ.

ಅವ್ವಣ್ಣ ಹೌದೆಂಬಂತೆ ತಲೆಯಾಡಿಸಿ, ಖಾಲಿ ಡಬ್ಬಿಯನ್ನು ಅವಳ ಕೈಗಿಟ್ಟ.