ಗುರುಶಾಂತವ್ವನ ಸೂಜಿ

"ಹೆಸರು ಹೇಳ್ರಿ."

"ಪಾರ್ವತವ್ವ," ಎಂದರು ಮಗಳ ಜೊತೆ ಬಂದಿದ್ದ ತಾಯಿ.

ಚೀಟಿ ಬರೆದುಕೊಟ್ಟೆ. ಐದು ನಿಮಿಷಕ್ಕೆ ಡಾಕ್ಟರು ನನ್ನನ್ನು ಒಳಗೆ ಕರೆದರು. ಯಾವ ಕಾಯಿಲೆಯೂ ಇಲ್ಲದ ಪಾರ್ವತವ್ವನ ನಾಡಿ ಹಿಡಿದು, ನಾಲಿಗೆ ನೋಡಿ ಅವರಿಗೆ ಸಾಕಾಗಿತ್ತು. ಕಾಯಿಲೆ ಇದ್ದದ್ದು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಮಗಳಿಗೆ.

ಮದುವೆಯಾಗದ ಹುಡುಗಿಯ ಹೆಸರು ದವಾಖಾನೆಯ ಪುಸ್ತಕದಲ್ಲಿ ಇರಬಾರದು ಎಂಬುದು ಆ ಮನೆಯ ರೂಢಿ. ಮಗಳ ಚೀಟಿಗೂ ತಾಯಿಯ ಹೆಸರು, ಮಗಳ ನೋವಿಗೂ ತಾಯಿಯ ಮಾತು. ಮಕ್ಕಳನ್ನು ನೋಡುವ ಹಳೇ ಡಾಕ್ಟರಿಗೆ ಇದು ಗೊತ್ತಿತ್ತು. ಹತ್ತೊಂಬತ್ತು ತುಂಬಿದವಳನ್ನು ಅವರೀಗ ದೊಡ್ಡವರ ಡಾಕ್ಟರ ಹತ್ತಿರ ಕಳಿಸಿದ್ದರು.

ಇದು ೧೯೬೩ರ ಮಾತು. ಶಿರಸಿಯ ಒಂದು ದವಾಖಾನೆಯಲ್ಲಿ ಸಂಗಯ್ಯನೆಂಬ ನಾನು ಚೀಟಿ ಬರೆಯುವ ಗುಮಾಸ್ತ. ಡಾಕ್ಟರಿಂದ ಚೆನ್ನಾಗಿ ಬೈಸಿಕೊಂಡು ಬಂದು ಹೊಸ ಚೀಟಿ ತೆಗೆದೆ.

"ನಿಮ್ಮ ಹೆಸರು ನೀವ ಹೇಳ್ರಿ," ಎಂದೆ ಮಗಳಿಗೆ.

ತಾಯಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ. "ಗುರುಶಾಂತವ್ವ. ಈ ಸಲನಾದ್ರೂ ಸರಿಯಾಗಿ ಬರೀರಿ."

ಅಷ್ಟಕ್ಕೇ ನಾನು ಸೋತುಹೋದೆ.

ಅವಳದು ಸಕ್ಕರೆ ಕಾಯಿಲೆ. ಒಂಬತ್ತನೇ ವಯಸ್ಸಿನಿಂದ ದಿನವೂ ಇನ್ಸುಲಿನ್ ಚುಚ್ಚುತ್ತಿದ್ದವರು ತಾಯಿ. ಹಾಗಾಗಿ ಅವಳು ತನ್ನೂರು ಬನವಾಸಿ ಬಿಟ್ಟು ಒಂದು ದಿನವೂ ಬೇರೆ ಕಡೆ ಉಳಿದವಳಲ್ಲ. ಕೇಳಿಕೊಂಡು ಬಂದ ಎರಡು ಸಂಬಂಧಗಳನ್ನೂ ಮನೆಯವರೇ ಬೇಡವೆಂದಿದ್ದರು.

"ಚುಚ್ಚಾಕ ನಾನೂ ಆಕಿ ಗಂಡನ ಮನಿಗೆ ಹೋಗ್ಲೇನ್ರಿ?" ಎಂದು ಪಾರ್ವತವ್ವ ಡಾಕ್ಟರನ್ನೇ ಕೇಳಿದರು.

"ಬೇಡ. ನಿಮ್ಮ ಮಗಳೇ ಚುಚ್ಚಿಕೊಳ್ಳೋದು ಕಲೀಲಿ. ಒಂದು ತಿಂಗಳು ಸೋಮವಾರ ಸೋಮವಾರ ಬನ್ನಿ."

ನರ್ಸ್ ಗೌರಕ್ಕ ಮೊದಲು ನಿಂಬೆಯ ಜಾತಿಯ ಕಂಚಿಕಾಯಿಗೆ ನೀರು ಚುಚ್ಚಿಸಿ ಕಲಿಸಿದರು. ಕಾಯಿ ತರುವ ಕೆಲಸವನ್ನು ಯಾರೂ ಹೇಳದಿದ್ದರೂ ನಾನೇ ಮೈಮೇಲೆ ಹಾಕಿಕೊಂಡೆ.

"ಸಿಪ್ಪಿ ಭಾಳ ದಪ್ಪ ಐತ್ರಿ," ಎನ್ನುವಳು ಗುರುಶಾಂತವ್ವ, ಕಣ್ಣಂಚಿನಲ್ಲೇ ನಗುತ್ತ.

"ನನ್ನ ತೊಗಲೂ ದಪ್ಪ ಐತಿ. ಬೇಕಾದ್ರ ಇದಕ್ಕ ಚುಚ್ಚಿ ನೋಡ್ರಿ."

"ಬ್ಯಾಡ್ರಿ. ಸೂಜಿ ಕಂಡ್ರ ನೀವು ಕಣ್ಣು ಮುಚ್ಚೋದು ನೋಡೇನಿ."

ನನ್ನ ಧೈರ್ಯ ದವಾಖಾನೆಗೆಲ್ಲ ಗೊತ್ತಿದ್ದದ್ದೇ.

ನಾಲ್ಕನೇ ಸೋಮವಾರ ಕಂಚಿಕಾಯಿ ಬೇಕಾಗಲಿಲ್ಲ. ಬಾಗಿಲು ತೆರೆದಿತ್ತು, ನಾನು ಕೂತಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಅವಳು ಸಿರಿಂಜಿಗೆ ಇನ್ಸುಲಿನ್ ಎಳೆದುಕೊಂಡು ಸೂಜಿ ನೋಡುತ್ತ ಕೂತಳು.

"ತಾ ಇಲ್ಲೆ, ನಾ ಚುಚ್ತೀನಿ," ಎಂದು ಪಾರ್ವತವ್ವ ಎದ್ದರು.

"ಯವ್ವಾ, ನೀ ಕುಂದರು."

ಎಡತೋಳಿಗೆ ಸೂಜಿ ಹಿಡಿದಳು. ಒಂದೇ ಸಲಕ್ಕೆ ಒಳಗೆ ಕಳಿಸಿ, ಅವಸರವಿಲ್ಲದೆ ಔಷಧಿ ಇಳಿಸಿದಳು. ಕಣ್ಣು ಮುಚ್ಚುವುದು ನನಗೆ ಮರೆತೇ ಹೋಗಿತ್ತು. ಗುಡಿಯಲ್ಲಿ ಕೈಮುಗಿದಾಗಲೂ ಅಂಥ ಭಯಭಕ್ತಿ ನನ್ನಲ್ಲಿ ಹುಟ್ಟಿರಲಿಲ್ಲ. ಇಷ್ಟು ದಿನ ಚೆಂದದ ಹುಡುಗಿ ಎಂದು ನೋಡುತ್ತಿದ್ದೆ. ಅವಳು ಎಷ್ಟು ದೊಡ್ಡ ಜೀವ ಎಂಬುದು ಆಗ ತಿಳಿಯಿತು.

ಪಾರ್ವತವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಔಷಧಿ ತರಲು ಹೋದರು. ಗುರುಶಾಂತವ್ವ ನನ್ನ ಮೇಜಿನ ಹತ್ತಿರ ಬಂದಳು.

"ನಮ್ಮ ಹಿರ್ಯಾರನ್ನ ಕರಕೊಂಡು ಹೆಣ್ಣು ಕೇಳಾಕ ಬನವಾಸಿಗೆ ಬರಬೇಕಂತ ಮಾಡೇನ್ರಿ," ಎಂದೆ. "ನಿಮಗ ಮನಸ್ಸಿದ್ರ. ಸೂಜಿ ಹಾಕೋದು ನಾನೂ ಕಲೀತೀನಿ. ದಿನಾ ನಾನ ಚುಚ್ತೀನಿ."

ಮೇಜಿನ ಮೇಲಿದ್ದ ತನ್ನ ಚೀಟಿ ಎತ್ತಿಕೊಂಡಳು.

"ಚುಚ್ಚಾಕ ನಾ ಇದ್ದೀನ್ರಿ," ಎಂದಳು. "ಸಿರಿಂಜ್ ಮಾತ್ರ ದಿನಾ ಮುಂಜಾನೆ ನೀರಾಗ ಕುದಿಸಬೇಕು. ಅದಕ್ಕ ಒಲಿ ಹಚ್ಚಿ ಕೊಡ್ರಿ, ಸಾಕು."

"ಎಷ್ಟಕ್ಕ ಏಳಬೇಕ್ರಿ?"

"ಆರಕ್ಕ." ಚೀಟಿ ಮಡಚಿ ಕೈಯಲ್ಲಿ ಹಿಡಿದುಕೊಂಡಳು. "ಗುರುವಾರ ಬರ್ರಿ. ಅಪ್ಪ ಮನ್ಯಾಗ ಇರ್ತಾನ."