ಎಪ್ಪತ್ತನೇ ಪುಟದ ‘ನೀನು’

“ಈ ರಾಣಿ ಸತ್ತಿದ್ದೇ ಒಳ್ಳೇದಾಯ್ತು ಬಿಡಿ,” ಅಂದೆ, ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ.

ಬ್ರೌನ್ ಪೇಪರಿಗೆ ಗೋಂದು ಹಚ್ಚುತ್ತಿದ್ದವನು ತಲೆ ಎತ್ತಿದ. ಚಾಮರಾಜಪೇಟೆಯ ಆ ಸರ್ಕ್ಯುಲೇಟಿಂಗ್ ಲೈಬ್ರರಿಗೆ ನಾನು ಸೇರಿ ಇನ್ನೂ ವಾರವಾಗಿತ್ತಷ್ಟೆ. ಮೊದಲ ಪುಸ್ತಕ ಅವನೇ ಆರಿಸಿ ಕೊಟ್ಟಿದ್ದ. ‘ಲೇಡೀಸ್ ಎಲ್ಲಾ ಇದನ್ನೇ ಕೇಳ್ತಾರೆ’ ಅಂತ ಬೇರೆ ಹೇಳಿದ್ದ.

“ಹಂಗ್ಯಾಕಂತೀರಾ? ವರ್ಷಾವರ್ಷ ಪ್ರಿಂಟ್ ಆಗ್ತಿರೋ ಪುಸ್ತಕ ಅದು.”

“ಪಂಚಾಂಗಾನೂ ವರ್ಷಾವರ್ಷ ಪ್ರಿಂಟ್ ಆಗುತ್ತೆ. ರೀ, ರಾಣಿ ಕೂದಲು ಹಿಮ್ಮಡಿ ಮುಟ್ತಿತ್ತಂತೆ. ಸರಿ, ಮುಟ್ಲಿ. ಆ ಕೂದಲಿಗೆ ಸೀಗೆಕಾಯಿ ಹಚ್ಚಿ, ಸಿಕ್ಕು ಬಿಡಿಸಿ, ಸಾಂಬ್ರಾಣಿ ಹೊಗೆ ಹಾಕ್ದೋಳಿಗೆ ಒಂದು ಹೆಸರು ಬೇಡ್ವಾ? ಶುರುವಿಂದ ಕೊನೇವರೆಗೂ ಬರೀ ‘ದಾಸಿಯೊಬ್ಬಳು’! ರಾಣಿ ಕಿಟಕೀಲಿ ನಿಂತು ಅಳ್ತಾಳೆ, ಉಯ್ಯಾಲೇಲಿ ಕೂತು ಅಳ್ತಾಳೆ. ಕಣ್ಣೀರು ಒರೆಸೋಕೂ ‘ದಾಸಿಯೊಬ್ಬಳು’ ಬರಬೇಕು.”

ನಮ್ಮಜ್ಜಿ ಸಿದ್ದಮ್ಮ ಬಸವನಗುಡಿಯ ದೊಡ್ಡ ಮನೆಯೊಂದರಲ್ಲಿ ಮುಸುರೆ ತಿಕ್ಕಿಯೇ ನಮ್ಮಪ್ಪನನ್ನು ಓದಿಸಿದ್ದು. ಆ ಮನೆಯವರು ಅವಳನ್ನು ಕೊನೆಯವರೆಗೂ ‘ಏ, ಇವಳೇ’ ಅಂತಲೇ ಕರೆದರು. ಅದನ್ನು ಅವನಿಗೆ ಹೇಳಲಿಲ್ಲ. ನನ್ನ ದನಿಯಲ್ಲಿ ಎಲ್ಲೋ ಕೇಳಿಸಿತೇನೋ, ಅವನ ಗೋಂದಿನ ಕಡ್ಡಿ ಕೈಯಲ್ಲೇ ನಿಂತಿತು.

“ಮತ್ತೆ ಯಾವ ಪುಸ್ತಕ ಕೊಡ್ಲಿ?”

“ನಿಮ್ಮ ಹೆಸರೇನು ಮೊದಲು ಹೇಳಿ. ಯಾರನ್ನ ಬೈತಿದೀನಿ ಅಂತಾದ್ರೂ ಗೊತ್ತಿರ್ಲಿ.”

“ಆಂಜಿನಯ್ಯ.”

ನಗು ತಡೆಯೋಕಾಗಲಿಲ್ಲ. “ಆಂಜನೇಯಸ್ವಾಮಿ ಹೆಸರಿಟ್ಕೊಂಡು ಪ್ರೇಮದ ಪುಸ್ತಕ ಬಾಡಿಗೆಗೆ ಕೊಡ್ತೀರಾ? ಬ್ರಹ್ಮಚಾರಿ ದೇವರಿಗೆ ಎಂಥಾ ಕೆಲಸ ಹಚ್ಚಿದ್ರಿ!”

ಅವನ ಕಿವಿ ಕೆಂಪಾಯಿತು. ಮುಖ ಮಾತ್ರ ಗಂಟೇ. “ಅದಕ್ಕೇ ಕಣ್ರೀ, ನನ್ನ ಪುಸ್ತಕಗಳು ಸೇಫಾಗಿವೆ,” ಅಂದ.

ಹೀಗೆ ಶುರುವಾಗಿದ್ದು. ಪ್ರೇಮ ಅಲ್ಲ, ಜಗಳ.

ನಾನು ಆಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿಂದೂರಿಗೆ ಲೈನ್ ಕೂಡಿಸೋ ಟ್ರಂಕ್ ಆಪರೇಟರ್. ಇಡೀ ದಿನ ಕಿವಿಯಲ್ಲಿ ಬೇರೆಯವರ ಮಾತು. ಸಾಯಂಕಾಲ ಡ್ಯೂಟಿ ಇಳಿದವಳು ಸೀದಾ ಲೈಬ್ರರಿಗೆ ಹೋಗಿ ನನ್ನ ಮಾತು ಖಾಲಿ ಮಾಡುತ್ತಿದ್ದೆ. ಗುಲಾಬಿ ರಟ್ಟಿನ ಕಾದಂಬರಿಯ ನಾಯಕಿಗೆ ಹೀರೋ ಕಂಡರೆ ಕಾಲು ಉಳುಕುತ್ತೆ, ಮಳೆ ಬಂದರೆ ಜ್ವರ, ಜ್ವರ ಬಂದರೆ ಹೀರೋ. “ಇವಳಿಗೆ ಗಂಡು ಬೇಡ್ರೀ, ಒಳ್ಳೇ ಡಾಕ್ಟ್ರು ಬೇಕು,” ಅಂದೆ. ಕೋಟೆ ಕಾಯ್ದ ವೀರವನಿತೆಯ ಪುಸ್ತಕ ಕೊಟ್ಟ. ಅವಳು ಕತ್ತಿ ಹಿಡಿದಾಗಲೂ ಲೇಖಕರು ಅವಳ ಸೊಂಟವನ್ನೇ ವರ್ಣಿಸುತ್ತಾರೆ. “ಶತ್ರುಗಳು ಓಡಿಹೋಗಿದ್ದು ಕತ್ತಿಗಾ, ಸೊಂಟಕ್ಕಾ?” ಅಂತ ಕೇಳಿದೆ.

ಬೆಂಚಿನ ಮೇಲಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಆಂಜಿನಯ್ಯ ಮಾತ್ರ ಪುಸ್ತಕ ಎಳೆದುಕೊಂಡು ರ್‍ಯಾಕಿಗೆ ತುರುಕಿದ.

“ನಿಮ್ಮ ಬಾಯಿಂದ ನನ್ನ ಅಂಗಡಿ ಮುಚ್ಚುತ್ತೆ.”

“ಮುಚ್ಲಿ. ಹೆಣ್ಮಕ್ಳ ಕಣ್ಣು ಉಳಿಯುತ್ತೆ.”

ಆಗಿದ್ದು ಉಲ್ಟಾ. ನಾನು ಬೈದ ಪುಸ್ತಕಕ್ಕೇ ನೂಕುನುಗ್ಗಲು. ‘ರತ್ನ ಉಗಿದಳಂತಲ್ಲ, ಆ ಸೊಂಟದ ಪುಸ್ತಕ ಕೊಡಪ್ಪಾ’ ಅಂತ ಕೇಳಿಕೊಂಡು ಬರತೊಡಗಿದರು. ಮುಂದೆ ನಿಂತವರು ಸುಬ್ಬಮ್ಮನವರು. ಅರವತ್ತು ದಾಟಿದ ವಿಧವೆ, ಸೊಸೆಯಂದಿರ ತುಂಬು ಮನೆ, ಮೂಗಿನ ತುದಿಯಲ್ಲಿ ಕನ್ನಡಕ.

“ಇಂಥಾ ಅಳುಬುರುಕ ಪುಸ್ತಕ ಯಾಕೆ ಓದ್ತೀರಾ ಸುಬ್ಬಮ್ಮನೋರೇ?” ಅಂತ ಅವರನ್ನೂ ಬಿಡಲಿಲ್ಲ ನಾನು.

“ಅಳೋಕೇ ಓದೋದು ಕಣೇ. ಮನೇಲಿ ಸುಮ್ನೆ ಅತ್ತರೆ ‘ಏನಾಯ್ತು, ಯಾರೇನಂದ್ರು’ ಅಂತ ಜೀವ ತಿಂತಾರೆ. ಕೈಲಿ ಪುಸ್ತಕ ಹಿಡ್ಕೊಂಡು ಅತ್ತರೆ ಯಾರೂ ಕೇಳಲ್ಲ.”

ಆಂಜಿನಯ್ಯ ನನ್ನನ್ನೇ ನೋಡುತ್ತಿದ್ದ. ನಾನು ಸೋತದ್ದನ್ನು ಅವನು ನೋಡಿದ, ಅವನು ನೋಡಿದ್ದನ್ನು ನಾನು ನೋಡಿದೆ. ಗೆದ್ದೆ ಅಂತ ಹಲ್ಲು ಕಿರಿಯುತ್ತಾನೆ ಅಂದುಕೊಂಡರೆ, ತಕ್ಷಣ ಕಣ್ಣು ಬೇರೆ ಕಡೆ ತಿರುಗಿಸಿಕೊಂಡ. ಸೋತವರನ್ನು ನೋಡಬಾರದು ಅನ್ನೋ ಹಾಗೆ.

ಆವತ್ತು ಮನೆಗೆ ಹೋಗುವ ದಾರಿಯಲ್ಲಿ ಅವನ ಮೇಲೆ ತುಂಬಾ ಸಿಟ್ಟು ಬಂತು. ಅಷ್ಟು ಮರ್ಯಾದೆಯಾಗಿ ನಡೆದುಕೊಳ್ಳೋಕೆ ಅವನಿಗೆ ಯಾರು ಹೇಳಿದ್ದು?

ಮುಂದಿನ ವಾರ ಒಂದು ದಪ್ಪ ಪುಸ್ತಕ ಮುಂದಿಟ್ಟ. “ಅರಮನೆ ಕಥೆ. ಇದರಲ್ಲಿ ದಾಸಿಗೆ ಹೆಸರಿದೆ. ಆದ್ರೆ ಎರಡನೇ ಅಧ್ಯಾಯಕ್ಕೇ ವಿಷ ಕುಡಿಸ್ಬಿಡ್ತಾರೆ. ಮೊದಲೇ ಹೇಳಿದೀನಿ, ಆಮೇಲೆ ಕುಕ್ಕಬೇಡಿ.”

“ನೀವು ಓದಿದ್ರಾ?”

“ಇನ್ನೇನು ಮಾಡ್ಲಿ? ಬೈಸ್ಕೊಳ್ಳೋನು ನಾನು.”

ಕಣ್ಣ ಸುತ್ತ ಕಪ್ಪಾಗಿತ್ತು. ರಾಶಿ ರಾಶಿ ಪುಸ್ತಕ ಓದಿ ನನಗಾಗಿ ಒಬ್ಬ ದಾಸಿಯನ್ನು ಹುಡುಕಿದ್ದ. ಪುಸ್ತಕ ತೆಗೆದುಕೊಳ್ಳುವಾಗ ಅವನ ಬೆರಳಿನ ಗೋಂದು ನನ್ನ ಬೆರಳಿಗೆ ಅಂಟಿತು. ತೊಳೆದುಕೊಳ್ಳಲಿಲ್ಲ, ಏನೀಗ?

ಆದರೆ ನನಗೊಂದು ಹೆದರಿಕೆಯಿತ್ತು. ಅದನ್ನೂ ಪುಸ್ತಕದ ನೆಪದಲ್ಲೇ ಬೈದು ಹೇಳಿದೆ.

“ಎಲ್ಲಾ ಪ್ರೇಮದ ಕಾದಂಬರೀಲೂ ಒಂದು ಎಪ್ಪತ್ತನೇ ಪುಟ ಇರುತ್ತೆ, ಗಮನಿಸಿದೀರಾ? ಅಲ್ಲಿವರೆಗೂ ಇಬ್ಬರೂ ‘ನೀವು, ನೀವು’. ಎಪ್ಪತ್ತನೇ ಪುಟದಲ್ಲಿ ಅವನು ಕೈ ಹಿಡೀತಾನೆ. ಹಿಡಿದ ತಕ್ಷಣ ಅವಳು ‘ನೀನು’ ಆಗ್ಬಿಡ್ತಾಳೆ. ಅವನು ಮಾತ್ರ ಕೊನೇ ಪುಟದವರೆಗೂ ‘ನೀವು’. ಪ್ರೇಮ ಇಬ್ಬರದೂ ಆದ್ರೆ ಇಳಿಯೋದು ಒಬ್ಬಳೇ ಯಾಕೆ?”

“ಲೋಕರೂಢಿ ಅಲ್ವೇನ್ರೀ?”

“ನಮ್ಮಕ್ಕನ್ನ ಕೇಳಿ ಲೋಕರೂಢಿ.”

ನಮ್ಮಕ್ಕ ಕಮಲ ಪ್ರೀತಿಸಿ ಮದುವೆಯಾದವಳು. ಭಾವ ನಮ್ಮ ಬೀದಿಯವನೇ. ಮದುವೆಗೆ ಮುಂಚೆ ಕಿಟಕಿಯಿಂದ ‘ಲೋ ಶೀನಾ!’ ಅಂತ ಅವಳು ಕೂಗಿದರೆ ಬೀದಿ ಕೊನೆಯ ನಾಯಿಯೂ ಎದ್ದು ನಿಲ್ಲುತ್ತಿತ್ತು. ಮದುವೆಯಾಯಿತು. ರೇಷನ್ ಆಫೀಸಿನಲ್ಲಿ ಗಂಡನ ಹೆಸರು ಕೇಳಿದರು. ಅಕ್ಕ ತಲೆ ತಗ್ಗಿಸಿ ನನ್ನನ್ನು ತಿವಿದಳು, ‘ನೀನೇ ಹೇಳೇ.’ ಆಮೇಲೆ ಅವಳಿಗೆ ಸಿನಿಮಾಗೆ ಹೋಗೋಕೂ ‘ಇವರನ್ನ’ ಕೇಳಬೇಕು, ತವರಿಗೆ ಬರೋಕೂ ‘ಇವರು’ ಹೂಂ ಅನ್ನಬೇಕು. ಭಾವ ಕೆಟ್ಟವನಲ್ಲ. ಆದರೆ ಆ ‘ಲೋ ಶೀನಾ’ ಅನ್ನುವ ಹುಡುಗಿಯನ್ನು ನಾನು ಮತ್ತೆ ನೋಡಲೇ ಇಲ್ಲ.

ಎಲ್ಲಾ ಕೇಳಿಸಿಕೊಂಡ ಆಂಜಿನಯ್ಯ ನಗಲಿಲ್ಲ. “ಅರ್ಥ ಆಯ್ತು,” ಅಂದ. ನಾನೂ ನಂಬಿದೆ.

ನಾವಿಬ್ಬರೂ ವಿಶ್ವೇಶ್ವರಪುರದ ತಿಂಡಿ ಬೀದಿಗೆ ಹೋಗಿದ್ದು ಅದಾದ ಮೇಲೆ. ಅವರೆಕಾಯಿ ಕಾಲ. ಹಿದುಕಿದ ಅವರೆಬೇಳೆ ಹಾಕಿದ ದೋಸೆ, ಎಲೆಯ ಮೇಲೆ ಬೆಣ್ಣೆ ಕರಗುತ್ತಿತ್ತು. ಒಬ್ಬರ ಖಾರಕ್ಕೆ ಇನ್ನೊಬ್ಬರು ನಕ್ಕೆವು. ರೋಡ್ ದಾಟುವಾಗ ಸ್ಕೂಟರೊಂದು ನುಗ್ಗಿತು, ಅವನು ನನ್ನ ಕೈ ಹಿಡಿದೆಳೆದ. ಸ್ಕೂಟರ್ ಹೋಯಿತು. ಕೈ ಹೋಗಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ, ಹಾಗೇ ಇನ್ನೊಂದು ಸ್ಕೂಟರ್ ಬರಲಿ ಅನ್ನಿಸಿತು.

ಆಗ ಪುಣ್ಯಾತ್ಮ ಬಾಯಿ ತೆರೆದ.

“ರತ್ನಾ… ನೀನಿಲ್ಲದೆ ನನ್ನ ಬಾಳು ಬರಿದು.”

ಕೈ ಕಿತ್ತುಕೊಂಡೆ.

“ಯಾವ ಪುಸ್ತಕದ್ದು ಅದು?”

“ಅಲ್ಲಾ, ನಾನು…”

“ಗುಲಾಬಿ ರಟ್ಟಿಂದು. ಕಾಲು ಉಳುಕಿದ ಮೇಲೆ ಬರೋ ಮಾತು. ಹೋಗ್ಲಿ, ಅದಕ್ಕೆ ಕ್ಷಮೆ ಇದೆ. ಕೈ ಹಿಡಿದು ಒಂದು ಉಸಿರು ಎಳೆಯೋದ್ರೊಳಗೆ ‘ನೀನು’ ಮಾಡ್ಬಿಟ್ರಲ್ಲ ಆಂಜಿನಯ್ಯನೋರೇ! ಎಪ್ಪತ್ತನೇ ಪುಟ ಬಂತು ಅಂತ ಹೇಳೋದಲ್ವಾ?”

“ರತ್ನ ಅವರೇ, ಬಾಯಿ ತಪ್ಪಿ ಬಂತು.”

“ಬಾಯಿ ತಪ್ಪಿ ಬರೋದೇ ನಿಜ. ಬರ್ತೀನಿ.”

ಬರ್ತೀನಿ ಅಂದೆ, ಹೋಗಲಿಲ್ಲ ಅತ್ತ ಮತ್ತೆ. ಅವನ ಪುಸ್ತಕವನ್ನು ಅಕ್ಕನ ಕೈಲಿ ವಾಪಸ್ ಕಳಿಸಿದೆ.

ಅಮ್ಮ ಬಸವಮ್ಮ ಇಂಥಾ ಸಮಯಕ್ಕೇ ಕಾದಿದ್ದವಳು. ವೈಯಾಲಿಕಾವಲಿನ ಸಂಬಂಧ, ಹುಡುಗ ಸೆಕ್ರೆಟೇರಿಯಟ್‌ನಲ್ಲಿ ಗುಮಾಸ್ತ. ಅವನ ತಾಯಿ ಮೊದಲೇ ಹೇಳಿ ಕಳಿಸಿದ್ದರು, ‘ಹುಡುಗಿ ಮಾತು ಜಾಸ್ತಿ ಅಂತ ಕೇಳಿದೀವಿ, ಮದುವೆ ಆದ್ಮೇಲೆ ಸರಿಹೋಗುತ್ತೆ.’

“ಭಾನುವಾರ ನೋಡೋಕೆ ಬರ್ತಾರೆ. ಈ ಸಲ ಬೇಡ ಅನ್ನೋಕೆ ಒಂದು ಕಾರಣ ಕೊಡು. ಇಲ್ಲಾಂದ್ರೆ ಹೂಂ ಅನ್ನು,” ಅಂದಳು ಅಮ್ಮ.

ಕಾರಣ ಚಾಮರಾಜಪೇಟೆಯಲ್ಲಿ ಗೋಂದು ಹಚ್ಚುತ್ತಾ ಕೂತಿತ್ತು. ಅದರ ಹೆಸರು ಹೇಳೋಕೆ ನನಗೆ ಸೊಕ್ಕು.

ಶುಕ್ರವಾರ ಮಧ್ಯಾಹ್ನ ಪಕ್ಕದ ಸೀಟಿನ ವಿಶಾಲ ನನ್ನ ಭುಜ ತಟ್ಟಿದಳು. “ರತ್ನಾ, ಯಾವನೋ ತಲೆಕೆಟ್ಟೋನು. ಆಗ್ಲಿಂದ ಮಾಡ್ತಾನೇ ಇದಾನೆ, ನಿನ್ನನ್ನೇ ಕೇಳ್ತಾನೆ. ಸೂಪರ್‌ವೈಸರ್ ವೀರಭದ್ರಯ್ಯನೋರು ಕಾಫಿಗೆ ಹೋಗಿದಾರೆ, ಬೇಗ ಮುಗಿಸು.”

“ಟ್ರಂಕ್ ಬುಕಿಂಗ್. ಯಾವ ಊರು ಬೇಕು?” ಅಂದೆ.

“ಬೆಂಗಳೂರು.”

ದನಿ ಗೊತ್ತಾಯಿತು. ಎದೆ ಒಂದು ಮೆಟ್ಟಿಲು ತಪ್ಪಿತು. ನನ್ನ ದನಿಯನ್ನು ಮಾತ್ರ ಗಟ್ಟಿ ಹಿಡಿದುಕೊಂಡೆ.

“ನೀವು ಮಾತಾಡ್ತಿರೋದು ಎಲ್ಲಿಂದ?”

“ಬೆಂಗಳೂರು. ಲೈಬ್ರರಿ ಪಕ್ಕದ ಮೆಡಿಕಲ್ ಸ್ಟೋರಿಂದ.”

“ಬೆಂಗಳೂರಿಂದ ಬೆಂಗಳೂರಿಗೆ ಟ್ರಂಕ್ ಕಾಲ್ ಇಲ್ಲ ಸ್ವಾಮಿ.”

“ಇದ್ದಿದ್ರೆ ಚೆನ್ನಾಗಿರೋದು. ಕಾಲು ಗಂಟೆ ದಾರಿ, ದಾಟೋಕಾಗ್ತಿಲ್ಲ. ಪಿ.ಪಿ. ಕಾಲ್ ಬುಕ್ ಮಾಡ್ಕೊಳ್ಳಿ.”

ಪಿ.ಪಿ. ಅಂದರೆ ಹೆಸರು ಹೇಳಿ ಕರೆಸೋ ಕಾಲ್. ಆ ಕಡೆ ಯಾರೋ ಎತ್ತಿದರೆ ಸಾಲದು, ಹೇಳಿದ ಮನುಷ್ಯರೇ ಬರಬೇಕು.

“ಯಾರ ಹೆಸರಿಗೆ?”

“ಗಂಗರತ್ನ. ಅವರೇ ಬೇಕು. ಅವರು ಸಿಗ್ದಿದ್ರೆ ಬೇರೆ ಯಾರಿದ್ರೂ ಬೇಡ.”

ಸುತ್ತ ಹತ್ತಾರು ಹುಡುಗಿಯರು ಊರೂರುಗಳ ಹೆಸರು ಕೂಗುತ್ತಿದ್ದರು. ನನಗೆ ನನ್ನ ಪೂರ್ತಿ ಹೆಸರೊಂದು ಮಾತ್ರ ಕೇಳಿಸಿತು.

“ಪಾರ್ಟಿ ಸಿಗ್ತಿಲ್ಲ,” ಅಂದೆ. “ಪಾರ್ಟಿ ಸಿಟ್ಟಲ್ಲಿದಾರೆ.”

“ಇರಲೇಬೇಕು. ಅವರು ಅಷ್ಟು ಬಿಡಿಸಿ ಹೇಳಿದ್ರೂ ನಾನು ಕೇಳದೇನೇ ‘ನೀನು’ ಅಂದೆ. ಅವರಾಗೇ ನನ್ನನ್ನ ‘ನೀನು’ ಅನ್ನೋವರೆಗೂ ನಾನು ‘ನೀವು’ ಅಂತೀನಿ. ಜೀವಮಾನ ಪೂರ್ತಿ ಅನ್ನದಿದ್ರೂ ಸರಿ. ಇದನ್ನ ಹೇಳೋಕೆ ಯಾವ ಪುಸ್ತಕದಲ್ಲೂ ಮಾತು ಸಿಗ್ಲಿಲ್ಲ ಮೇಡಂ, ನಾನೇ ಹೊಂದಿಸ್ಕೊಂಡೆ. ಚೆನ್ನಾಗಿಲ್ದಿದ್ರೆ ಬೈಯೋಕೆ ಹೇಳಿ.”

ಬೈಯೋಕೆ ಏನೂ ಸಿಗಲಿಲ್ಲ. ಜೀವನದಲ್ಲಿ ಮೊದಲನೇ ಸಲ.

“ಕಾಲ್ ಆರ್ಡಿನರಿನಾ, ಅರ್ಜೆಂಟಾ?” ಅಂದೆ. ದನಿ ಒಡೆಯಿತು.

“ಆರ್ಡಿನರಿ. ಎಷ್ಟು ಹೊತ್ತಾದ್ರೂ ಕಾಯ್ತೀನಿ.”

“ಅರ್ಜೆಂಟ್ ಮಾಡ್ಕೊಳ್ಳಿ. ಭಾನುವಾರ ಹುಡುಗನ ಕಡೆಯೋರು ಬರ್ತಾರೆ.”

ಆ ಕಡೆ ಏನೋ ಬಿದ್ದ ಸದ್ದು. ಬಾಗಿಲಲ್ಲಿ ವೀರಭದ್ರಯ್ಯನವರ ಚಪ್ಪಲಿ ಸದ್ದು. ಲೈನ್ ಕಟ್ ಮಾಡಿಬಿಟ್ಟೆ.

ಸಾಯಂಕಾಲ ಲೈಬ್ರರಿಗೆ ಹೋದಾಗ ಬೆಂಚು ತುಂಬಿತ್ತು. ಸುಬ್ಬಮ್ಮನವರು ಕನ್ನಡಕ ಮೇಲಕ್ಕೆ ತಳ್ಳಿಕೊಂಡರು. “ಬಂದ್ಲಪ್ಪಾ! ಬಿಸಿ ಮಾತು ಕೇಳಿ ಎಷ್ಟು ದಿನ ಆಯ್ತು.”

ಆಂಜಿನಯ್ಯ ಎದ್ದು ನಿಂತ. ಕೈಯಲ್ಲಿ ಅರ್ಧ ಹಚ್ಚಿದ ಬ್ರೌನ್ ಪೇಪರ್, ಗಡ್ಡ ಬೋಳಿಸದ ಮುಖ, ಅದರಲ್ಲಿ ಎರಡು ಕಣ್ಣು ಮಾತ್ರ ತೊಳೆದಿಟ್ಟ ಹಾಗೆ. ಅಷ್ಟು ಜನರ ಮುಂದೆ ಏನು ಕೇಳಬೇಕೋ ತಿಳಿಯದೆ ದಿನವೂ ಕೇಳುವುದನ್ನೇ ಕೇಳಿದ.

“ಬನ್ನಿ. ನಿಮಗೆ… ನಿಮಗೇನು ಬೇಕು?”

ರ್‍ಯಾಕಿನ ತುಂಬ ಪುಸ್ತಕ ನೋಡಿದೆ. ಉಳುಕಿದ ಕಾಲುಗಳು, ಹಿಮ್ಮಡಿ ಮುಟ್ಟುವ ಕೂದಲು, ಹೆಸರಿಲ್ಲದ ದಾಸಿಯರು. ಆಮೇಲೆ ಅವನನ್ನು ನೋಡಿದೆ.

“ನೀನು,” ಅಂದೆ.

ಬೆಂಚಿನಲ್ಲಿ ಪುಟ ತಿರುವುವ ಸದ್ದೆಲ್ಲ ನಿಂತಿತು.

ಅವನ ಕೈಯಿಂದ ಪೇಪರ್ ಜಾರಿ ಅಂಗಿಗೆ ಅಂಟಿಕೊಂಡಿತು. “ಹಾಗಾದ್ರೆ… ಈಗ ನಾನೂ ಅನ್ನಬಹುದಾ?”

“ಅನ್ನು ಆಂಜಿ. ನಾಳೆ ನಮ್ಮನೆಗೂ ಬಾ, ಅಮ್ಮ ಕಾರಣ ಕೇಳ್ತಿದಾಳೆ.”

ಅವನು ಉಸಿರೆಳೆದುಕೊಂಡ. ತುಟಿ ಒದ್ದೆ ಮಾಡಿಕೊಂಡ. “ನೀ…” ಅಂದ. “ನೀ… ನೀವು ಕೂತ್ಕೊಳ್ಳಿ.”

ನನಗೆ ನಗುವೂ ಕಣ್ಣೀರೂ ಒಟ್ಟಿಗೇ ಬಂತು. ಅಳೋ ನೆಪಕ್ಕೆ ಕೈಯಲ್ಲಿ ಪುಸ್ತಕವೂ ಇರಲಿಲ್ಲ.

“ಇಷ್ಟೇನಾ?” ಅಂದರು ಸುಬ್ಬಮ್ಮನವರು, ಕೈಯಲ್ಲಿದ್ದ ಕಾದಂಬರಿಯನ್ನು ಮೇಜಿನ ಮೇಲೆ ನನ್ನ ಹಾಗೇ ಕುಕ್ಕಿ. “ಸಪ್ಪೆ ಕಣ್ರೋ! ಪುಸ್ತಕದಲ್ಲಾಗಿದ್ರೆ ಇಷ್ಟೊತ್ತಿಗೆ ಮಳೆ ಬಂದಿರ್ತಿತ್ತು. ಆ ಕೈನಾದ್ರೂ ಹಿಡಿಯೋ, ಗೋಂದು ಒಣಗೋದ್ರೊಳಗೆ.”